ವೇಗದ ಕಾರಿನ ಟೈರು ಮತ್ತು ತವಕ್ಕುಲ್

ಮನುಷ್ಯನ ಯತ್ನಕ್ಕೂ ದೇವರ ಇಚ್ಛೆಗೂ ಇರುವ ಸಂಬಂಧವೇನು ಎಂಬುದು ಧರ್ಮಚಿಂತನೆಯ ಅತಿ ಹಳೆಯ ಪ್ರಶ್ನೆಗಳಲ್ಲೊಂದಾಗಿದ್ದು, ಅದು ಪಂಡಿತರ ಗ್ರಂಥಗಳಲ್ಲಿ ಮಾತ್ರ ಉಳಿದುಕೊಂಡಿಲ್ಲ; ಶಕ್ತಿಶಾಲಿ ಎಂಜಿನ್ನಿನ ಕಾರೊಂದನ್ನು ಇಟ್ಟುಕೊಂಡು, ಅದರ ಸವೆದ ಟೈರುಗಳನ್ನು ಈಗಲೇ ಬದಲಿಸಬೇಕೋ ಇನ್ನೊಂದು ಮಳೆಗಾಲ ಓಡಿಸಬಹುದೋ, ಬದಲಿಸುವುದಾದರೆ ಯಾವುದನ್ನು ಹಾಕಿಸಬೇಕೋ ಎಂದು ಲೆಕ್ಕ ಹಾಕುವ ಮಾಲೀಕನ ಮುಂದೆಯೂ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ. ಮೈಸೂರಿನ ಪೂರ್ವ ಭಾಗದಲ್ಲಿರುವ ಉದಯಗಿರಿಯಂಥ ಬಡಾವಣೆಯಲ್ಲಿ, ಅಂದರೆ ಉರ್ದು ಮತ್ತು ಕನ್ನಡ ಒಂದೇ ಬೀದಿಯಲ್ಲಿ ಕೇಳಿಬರುವ, ಮುಸ್ಲಿಮರು ಹೆಚ್ಚಾಗಿ ವಾಸಿಸುವ ಜಾಗದಲ್ಲಿ, ಅಪಘಾತದ ಸುದ್ದಿ ಬಂದಾಗ ಒಂದು ಮನೆಯವರು ‘ನಸೀಬು’ ಎನ್ನುತ್ತಾರೆ, ಪಕ್ಕದ ಮನೆಯವರು ‘ಹಣೆಬರಹ’ ಎನ್ನುತ್ತಾರೆ. ದುಃಖದಲ್ಲಿರುವವರಿಗೆ ಸಾಂತ್ವನವಾಗಿ ಈ ಮಾತು ಸಲ್ಲುತ್ತದೆ. ಆದರೆ ಅಪಘಾತಕ್ಕೆ ಮುಂಚೆ, ಟೈರಿನ ಅಂಗಡಿಯಲ್ಲಿ ನಿಂತಾಗ, ಅದೇ ಮಾತು ಸಲ್ಲುತ್ತದೆಯೇ ಎಂಬುದು ಪರಿಶೀಲಿಸಬೇಕಾದ ವಿಷಯ.

ಈ ಪರಿಶೀಲನೆಗೆ ಮೈಸೂರು ತಕ್ಕ ನೆಲ. ಕರ್ನಾಟಕದ ಹೆಸರಾಂತ ಟೈರು ಕಾರ್ಖಾನೆಯಾದ ವಿಕ್ರಾಂತ್ ಟೈರ್ಸ್ ಇಲ್ಲಿಯದು. 1997ರಲ್ಲಿ ಜೆಕೆ ಟೈರ್ ಅದನ್ನು ವಹಿಸಿಕೊಂಡ ಮೇಲೂ ಕೆಆರ್‌ಎಸ್ ರಸ್ತೆಯ ಆ ಕಾರ್ಖಾನೆಗೆ ಜನರ ಬಾಯಲ್ಲಿ ವಿಕ್ರಾಂತ್ ಎಂಬ ಹೆಸರೇ ಉಳಿದಿದೆ. ಮಹಾನವಮಿಯಂದು ಅರಮನೆಯಲ್ಲಿ ಪಟ್ಟದ ಕತ್ತಿಯ ಜೊತೆಗೆ ವಾಹನಗಳಿಗೂ ಆಯುಧಪೂಜೆ ನಡೆಯುವ ನಗರವೂ ಇದೇ. ಆ ದಿನ ಊರಿನ ಗ್ಯಾರೇಜು, ಬಸ್ ಡಿಪೊ, ಆಟೊ ನಿಲ್ದಾಣಗಳಲ್ಲೆಲ್ಲ ಬೂದುಗುಂಬಳ ಒಡೆದು, ಚಕ್ರದಡಿಗೆ ನಿಂಬೆಹಣ್ಣಿಟ್ಟು ವಾಹನ ಮುಂದಕ್ಕೆ ಸರಿಸುತ್ತಾರೆ. ಮೇಲಾಗಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ವೇಗದ ಕಾರುಗಳಿಗೆ ಈ ಭಾಗದಲ್ಲಿ ಹಿಂದೆಂದೂ ಇಲ್ಲದಿದ್ದ ಅವಕಾಶ ಒದಗಿಸಿತು. ಅದೇ ವರ್ಷ ಅಪಘಾತಗಳು ಹೆಚ್ಚಿದ್ದರಿಂದ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿಯನ್ನು ಪೊಲೀಸರು ಬಿಗಿಯಾಗಿ ಜಾರಿಗೆ ತರಬೇಕಾಯಿತು, ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಮತ್ತು ಆಟೊಗಳಿಗೆ ಪ್ರವೇಶ ನಿಷೇಧಿಸಬೇಕಾಯಿತು.

ಕಾರು ಎಷ್ಟೇ ಬಲಿಷ್ಠವಾಗಿದ್ದರೂ ಅದು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಕೆಳಗಿನ ನಾಲ್ಕು ತುಣುಕು ರಬ್ಬರಿನಿಂದ ಮಾತ್ರ, ಒಂದೊಂದು ತುಣುಕೂ ಹೆಚ್ಚುಕಡಿಮೆ ಅಂಗೈಯಷ್ಟು ಅಗಲದ್ದು. ಎಂಜಿನ್ನಿನ ಬಲ, ಬ್ರೇಕಿನ ಹಿಡಿತ, ಸ್ಟೀರಿಂಗಿನ ತಿರುವು, ಎಬಿಎಸ್ ಎಂಬ ಚಕ್ರ ಬಿಗಿಯಾಗದಂತೆ ತಡೆಯುವ ವ್ಯವಸ್ಥೆ, ಇವೆಲ್ಲವೂ ಕೊನೆಗೆ ಆ ರಬ್ಬರು ಮತ್ತು ಡಾಂಬರಿನ ನಡುವಿನ ಘರ್ಷಣೆಯ ಮಿತಿಯೊಳಗೇ ಕೆಲಸ ಮಾಡಬೇಕು. ಟೈರಿನ ಬದಿಯಲ್ಲಿ 225/45 ಆರ್17 94ಡಬ್ಲ್ಯೂ ಎಂದು ಬರೆದಿದ್ದರೆ, ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಬದಿಯ ಎತ್ತರ ಎಂಬ ಪ್ರಮಾಣ, ಆರ್ ಎಂದರೆ ಒಳಗಿನ ಎಳೆಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ ರೇಡಿಯಲ್ ರಚನೆ, 17 ಎಂಬುದು ರಿಮ್ಮಿನ ಇಂಚುಗಳು. 94 ಎಂಬ ಭಾರಸೂಚಿ ಒಂದು ಟೈರು 670 ಕಿಲೊ ಹೊರಬಲ್ಲುದೆಂದೂ, ಡಬ್ಲ್ಯೂ ಎಂಬ ವೇಗಸೂಚಿ ಗಂಟೆಗೆ 270 ಕಿ.ಮೀ.ವರೆಗೆ ಅದು ಶಾಖ ತಡೆಯಬಲ್ಲುದೆಂದೂ ಹೇಳುತ್ತವೆ. ಎಚ್ ಎಂದರೆ 210, ವಿ ಎಂದರೆ 240, ವೈ ಎಂದರೆ 300. ನೂರರ ಮಿತಿಯಿರುವ ರಸ್ತೆಯಲ್ಲಿ 270ರ ಟೈರು ಏಕೆ ಎಂದು ಕೇಳುವವರಿದ್ದಾರೆ. ವೇಗಸೂಚಿಯೊಂದೇ ಹಿಡಿತವನ್ನು ಅಳೆಯುವುದಿಲ್ಲವೆಂಬುದು ನಿಜ. ಆದರೂ ಕಾರನ್ನು ರೂಪಿಸಿದವರು ಅದರ ಸಸ್ಪೆನ್ಷನ್ನು ಮತ್ತು ಬ್ರೇಕುಗಳನ್ನು ಆ ಮಟ್ಟದ ಗಟ್ಟಿ ಬದಿಗೋಡೆ, ಆ ಬಗೆಯ ರಬ್ಬರು ಮಿಶ್ರಣವನ್ನು ಲೆಕ್ಕಕ್ಕಿಟ್ಟುಕೊಂಡೇ ಹೊಂದಿಸಿರುತ್ತಾರೆ. ಹಾಗಾಗಿ ಹಣ ಉಳಿಸಲೆಂದು ಕೆಳಗಿನ ಸೂಚಿಯ ಟೈರು ಹಾಕಿಸಿದಾಗ ಕಾರಿನ ಬಲ ಹಾಗೆಯೇ ಉಳಿದು, ಆ ಬಲವನ್ನು ತಡೆದು ನಿಲ್ಲಿಸುವ ಸಾಮರ್ಥ್ಯ ಮಾತ್ರ ಕುಗ್ಗುತ್ತದೆ.

ಕೊಳ್ಳುವವನು ತೂಗಿನೋಡಬೇಕಾದ ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಮೆದು ರಬ್ಬರು ರಸ್ತೆಯನ್ನು ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಪಂದ್ಯದ ಕಾರುಗಳು ಓಡುವ ವೃತ್ತಪಥಕ್ಕೆಂದು, ಅಂದರೆ ಟ್ರ್ಯಾಕಿಗೆಂದು, ಮಾಡಿದ ಕಡಿಮೆ ಸೀಳುಗಳ ಟೈರು ಒಣ ನೆಲದಲ್ಲಿ ಅಪ್ರತಿಮವಾದರೂ ನೀರನ್ನು ಹೊರಗೆ ತಳ್ಳಲಾರದೆ, ವೇಗದಲ್ಲಿ ನೀರಿನ ಪದರದ ಮೇಲೆಯೇ ತೇಲಲು ತೊಡಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ಮಳೆಯಾದರೂ, ಏಪ್ರಿಲ್–ಮೇ ತಿಂಗಳ ಗುಡುಗುಮಳೆಯೂ ದಸರೆಯ ಹೊತ್ತಿನ ಸಂಜೆಮಳೆಯೂ ಧೂಳು ಮತ್ತು ಎಣ್ಣೆ ಕೂತ ರಸ್ತೆಯ ಮೇಲೆ ಒಮ್ಮೆಲೇ ಸುರಿಯುತ್ತವೆ. ಆದ್ದರಿಂದ ಇಲ್ಲಿ ಟೈರು ಆರಿಸುವವನು ಒಣ ಹಿಡಿತಕ್ಕಿಂತ ಒದ್ದೆ ಹಿಡಿತಕ್ಕೇ ಮೊದಲ ಮಣೆ ಹಾಕಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಎರಡನ್ನೇ ಕೊಳ್ಳುವುದಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು, ಏಕೆಂದರೆ ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ಅದು ತಿಳಿದು ವೇಗ ತಗ್ಗಿಸಬಹುದು, ಹಿಂದಿನವು ಜಾರಿದರೆ ಕಾರು ಬುಗುರಿಯಾಗಿ ತಿರುಗುತ್ತದೆ.

ಈ ಆಯ್ಕೆಯಲ್ಲಿ ಪಣಕ್ಕಿರುವುದು ಏನೆಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ರಸ್ತೆ ಮತ್ತು ಟೈರಿನ ನಡುವಿನ ಘರ್ಷಣಾಂಕ, ಅಂದರೆ ಹಿಡಿತವನ್ನು ಅಳೆಯುವ ಸಂಖ್ಯೆ, 0.9 ಇದ್ದರೆ ಬ್ರೇಕು ಒತ್ತಿದ ಮೇಲೆ ಅದು ಸುಮಾರು 44 ಮೀಟರಿನಲ್ಲಿ ನಿಲ್ಲುತ್ತದೆ, 0.6 ಇದ್ದರೆ ನಿಲ್ಲಲು ಸುಮಾರು 66 ಮೀಟರು ಬೇಕು. ವ್ಯತ್ಯಾಸ 22 ಮೀಟರು ಎಂದು ಹೇಳಿ ಮುಗಿಸಿದರೆ ಸತ್ಯದ ಅರ್ಧ ಮಾತ್ರ ಹೇಳಿದಂತಾಗುತ್ತದೆ: ಮೊದಲ ಕಾರು ಪೂರ್ತಿ ನಿಂತ ಅದೇ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 58 ಕಿ.ಮೀ. ವೇಗದಲ್ಲಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುವ ಒಬ್ಬ ಶಾಲಾಹುಡುಗನಿದ್ದರೆ ಅವನು ಬದುಕುವುದೋ ಸಾಯುವುದೋ ಎಂಬುದು ಕೆಲವು ತಿಂಗಳ ಹಿಂದೆ, ಅಂಗಡಿಯೊಂದರಲ್ಲಿ, ಅವನನ್ನು ಕಂಡೂ ಅರಿಯದವರೊಬ್ಬರು ಮಾಡಿದ ಆಯ್ಕೆಯಿಂದ ತೀರ್ಮಾನವಾಗಬಹುದು. ಇದನ್ನು ಹಣೆಬರಹವೆಂದು ಕರೆಯುವುದಾದರೆ, ಆ ಬರಹದಲ್ಲಿ ಮನುಷ್ಯನ ಕೈಬರಹವೂ ಸೇರಿದೆಯೆಂದು ಒಪ್ಪಿಕೊಳ್ಳಲೇಬೇಕಾಗುತ್ತದೆ.

ಕನ್ನಡ ನಾಡಿನ ಧರ್ಮಚಿಂತನೆಗೆ ಈ ತೊಡಕು ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ರಾಜಧರ್ಮವನ್ನು ವಿವರಿಸುವಾಗ, ದೈವ ಮತ್ತು ಪುರುಷಕಾರ (ಅಂದರೆ ಮನುಷ್ಯನ ಯತ್ನ) ಎಂಬ ಎರಡನ್ನೂ ರಥದ ಎರಡು ಗಾಲಿಗಳೆಂದು ಬಗೆದು, ಒಂದೇ ಗಾಲಿಯಿಂದ ರಥ ನಡೆಯದಂತೆ ಯತ್ನವಿಲ್ಲದ ದೈವವೂ ಫಲಿಸದೆಂದು ನಿರ್ಣಯಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸರೆಯಲ್ಲಿದ್ದವನು. ಮೈಸೂರಿಗೆ ಇನ್ನೂ ಹತ್ತಿರದ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ಹಲವು ವರ್ಷ ನೆಲೆಸಿದ್ದರು. ಅವರ ನಂತರ ಶ್ರೀವೈಷ್ಣವರು ಎರಡು ಪಂಥಗಳಾಗಿ ಒಡೆದದ್ದಕ್ಕೆ ಕಾರಣವಾದ ಪ್ರಶ್ನೆಗಳಲ್ಲಿ ಮುಖ್ಯವಾದುದು ಇದೇ. ವಡಗಲೆಯವರು ಮರ್ಕಟನ್ಯಾಯ ಹೇಳಿದರು: ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುವಂತೆ ಭಕ್ತನೂ ತನ್ನ ಕಡೆಯಿಂದ ಹಿಡಿಯಬೇಕು. ತೆಂಗಲೆಯವರು ಮಾರ್ಜಾಲನ್ಯಾಯ ಹೇಳಿದರು: ಬೆಕ್ಕು ತನ್ನ ಮರಿಯನ್ನು ತಾನೇ ಬಾಯಲ್ಲಿ ಕಚ್ಚಿ ಒಯ್ಯುವಂತೆ ದೇವರೇ ಒಯ್ಯುತ್ತಾನೆ, ಮರಿಯ ಯತ್ನ ಅನಗತ್ಯ. ಮಧ್ವಾಚಾರ್ಯರ ದ್ವೈತಮತವಾದರೋ ಸ್ವತಂತ್ರನಾದವನು ಹರಿಯೊಬ್ಬನೇ ಎಂದು ಸಾರಿದರೂ, ಜೀವನಿಗೆ ಅವನು ಕೊಟ್ಟ ‘ದತ್ತಸ್ವಾತಂತ್ರ್ಯ’ ಉಂಟೆಂದು ಒಪ್ಪಿ, ಪಾಪಪುಣ್ಯಗಳ ಹೊಣೆಯನ್ನು ಜೀವನ ಮೇಲೆಯೇ ಉಳಿಸುತ್ತದೆ. ಇಲ್ಲಿ ಒಂದು ಮಾತು ಗಮನಿಸಬೇಕು: ಮಾರ್ಜಾಲನ್ಯಾಯವನ್ನು ಪೂರ್ತಿ ಒಪ್ಪಿದವರೂ ಅದನ್ನು ಹೇಳಿದ್ದು ಮೋಕ್ಷದ ವಿಷಯದಲ್ಲಿ. ಕಲ್ಯಾಣಿಯ ಮೆಟ್ಟಿಲು ಪಾಚಿಗಟ್ಟಿದ್ದರೆ ಅವರೂ ಕೆಳಗೆ ನೋಡಿಕೊಂಡೇ ಇಳಿಯುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ.

ಇಸ್ಲಾಮಿನ ಚಿಂತನೆಯಲ್ಲಿ ಇದೇ ಪ್ರಶ್ನೆ ‘ತವಕ್ಕುಲ್’ ಎಂಬ ಪದದ ಸುತ್ತ ಬೆಳೆದಿದೆ. ದೇವರನ್ನೇ ತನ್ನ ವಕೀಲನನ್ನಾಗಿ ಮಾಡಿಕೊಂಡು ಅವನ ಮೇಲೆ ಭಾರ ಹಾಕುವುದು ಅದರ ಅರ್ಥ. ಒಂಟೆಯನ್ನು ಕಟ್ಟಿ ದೇವರನ್ನು ನಂಬಲೋ, ಬಿಟ್ಟು ನಂಬಲೋ ಎಂದು ಕೇಳಿದವನಿಗೆ ಪ್ರವಾದಿಯವರು ಮೊದಲು ಕಟ್ಟು, ಆಮೇಲೆ ನಂಬು ಎಂಬರ್ಥದ ಉತ್ತರ ಕೊಟ್ಟರೆಂಬ ಹದೀಸು, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ತಿರ್ಮಿಝಿಯವರ ಸಂಗ್ರಹದಲ್ಲಿದ್ದು, ಉದಯಗಿರಿಯ ಮದರಸಾಗಳಲ್ಲಿ ಓದಿದ ಮಕ್ಕಳಿಗೂ ಅದು ಅಪರಿಚಿತವಲ್ಲ. ಆದರೆ ಈ ಹದೀಸಿನ ಹಿಂದಿರುವ ತಾತ್ವಿಕ ತೊಡಕನ್ನು ಆಳವಾಗಿ ಕೆದಕಿದವರು 1111ರಲ್ಲಿ ತೀರಿಕೊಂಡ ಇಮಾಮ್ ಅಲ್ ಗಝಾಲಿ. ಬೆಂಕಿ ಹತ್ತಿಗೆ ತಗುಲಿದಾಗ ಹತ್ತಿ ಉರಿಯುವುದನ್ನು ಮನುಷ್ಯ ನೋಡುತ್ತಾನೆಯೇ ಹೊರತು ಬೆಂಕಿಯೇ ಉರಿಸುವುದನ್ನು ನೋಡುವುದಿಲ್ಲ, ಎರಡೂ ಜೊತೆಜೊತೆಗೆ ನಡೆಯುವುದಷ್ಟೇ ಕಾಣುತ್ತದೆ, ಉರಿಸುವವನು ದೇವರೇ ಎಂದು ಅವರು ತತ್ವಜ್ಞಾನಿಗಳನ್ನು ಖಂಡಿಸಿ ಬರೆದ ‘ತಹಾಫುತ್’ ಗ್ರಂಥದಲ್ಲಿ ವಾದಿಸಿದರು. ಈ ವಾದವನ್ನು ಟೈರಿಗೆ ಹಚ್ಚಿದರೆ, ರಬ್ಬರು ರಸ್ತೆಯನ್ನು ಹಿಡಿಯುತ್ತದೆ ಎಂಬುದೂ ಒಂದು ರೂಢಿಯ ಮಾತು ಮಾತ್ರ, ಹಿಡಿಸುವವನು ದೇವರು. ಸ್ಪೇನಿನ ಇಬ್ನ್ ರುಶ್ದ್ ಇದನ್ನು ಕಟುವಾಗಿ ವಿರೋಧಿಸಿ, ವಸ್ತುಗಳಿಗೆ ಅವುಗಳದೇ ಗುಣವಿಲ್ಲವೆಂದರೆ ಜ್ಞಾನವೆಂಬುದೇ ಇಲ್ಲವಾಗುತ್ತದೆ ಎಂದು ಮರುವಾದ ಹೂಡಿದರು.

ಹಾಗಾದರೆ ಗಝಾಲಿಯವರನ್ನು ಒಪ್ಪಿದವನು ಅಗ್ಗದ, ಹಳೆಯ ಟೈರಿನಲ್ಲೇ ನಿಶ್ಚಿಂತನಾಗಿ ಓಡಿಸಬಹುದೇ? ಗಝಾಲಿಯವರೇ ಇದಕ್ಕೆ ಅಡ್ಡ ನಿಲ್ಲುತ್ತಾರೆ, ಮತ್ತು ಅವರ ಚಿಂತನೆಯ ಈ ಭಾಗವೇ ಇಲ್ಲಿ ಅತ್ಯಂತ ಬೆಲೆಯುಳ್ಳದ್ದು. ದೇವರು ತನ್ನ ರೂಢಿಯನ್ನು ನಿಯತವಾಗಿ ನಡೆಸಿಕೊಂಡು ಬರುವವನಾದ್ದರಿಂದ, ಆ ರೂಢಿಯನ್ನು ಕಡೆಗಣಿಸುವುದು ಭಕ್ತಿಯಾಗದೆ ಅಜ್ಞಾನವಾಗುತ್ತದೆ. ‘ಇಹ್ಯಾ’ ಎಂಬ ತಮ್ಮ ಮಹಾಗ್ರಂಥದ ತವಕ್ಕುಲ್ ಪ್ರಕರಣದಲ್ಲಿ ಅವರು ಸಾಧನಗಳನ್ನು, ಅಂದರೆ ಅರಬ್ಬಿಯಲ್ಲಿ ಅಸ್ಬಾಬ್ ಎನ್ನುವ ಕಾರಣಗಳನ್ನು, ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ: ಊಟಕ್ಕೆ ಕೈಚಾಚುವಂಥ ನಿಶ್ಚಿತ ಸಾಧನ, ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳುವಂಥ ಬಹುಮಟ್ಟಿಗೆ ಫಲಿಸುವ ಸಾಧನ, ಮತ್ತು ಫಲ ಬರೀ ಊಹೆಯಾದ ಸಾಧನ. ನಿಶ್ಚಿತವಾದುದನ್ನು ಬಿಡುವುದು ಹುಚ್ಚುತನ. ಎರಡನೆಯದನ್ನು, ಹಸಿವು ತಾಳಬಲ್ಲ ಸಾಧಕನೊಬ್ಬ, ತನ್ನೊಬ್ಬನ ಮಟ್ಟಿಗೆ ಬಿಡಬಹುದು. ಆದರೆ ಹೆಂಡತಿಮಕ್ಕಳಿರುವವನು ಬಿಡುವಂತಿಲ್ಲ, ಏಕೆಂದರೆ ತನ್ನ ಹಸಿವನ್ನು ತಾನು ಒಪ್ಪಿಕೊಳ್ಳಬಹುದೇ ವಿನಾ ಬೇರೆಯವರ ಹಸಿವನ್ನು ಅವರ ಪರವಾಗಿ ಒಪ್ಪಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ವೇಗದ ಕಾರಿನ ಪ್ರಶ್ನೆಗೆ ಉತ್ತರ ಇರುವುದು ಈ ಕೊನೆಯ ಮಾತಿನಲ್ಲಿ. ಶರಣಾಗತಿಯೆಂಬುದು ತನ್ನನ್ನು ತಾನು ಒಪ್ಪಿಸಿಕೊಳ್ಳುವುದು. ಇನ್ನೊಬ್ಬರ ಪ್ರಾಣವನ್ನು ಅವರನ್ನು ಕೇಳದೆ ದೇವರ ಮಡಿಲಿಗೆ ಹಾಕುವುದಕ್ಕೆ ಶರಣಾಗತಿಯೆಂಬ ಹೆಸರು ಸಲ್ಲದು. ನಿರ್ಜನ ಮರುಭೂಮಿಯಲ್ಲಿ ಬುತ್ತಿಯಿಲ್ಲದೆ ನಡೆದ ಸೂಫಿ ಪಣಕ್ಕಿಟ್ಟದ್ದು ತನ್ನ ದೇಹವನ್ನು. ಸವೆದ ಟೈರಿನಲ್ಲಿ ಮೈಸೂರಿನ ಮಹದೇವಪುರ ರಸ್ತೆಯಲ್ಲಿ ಓಡಿಸುವವನು ಪಣಕ್ಕಿಡುವುದು ತರಕಾರಿ ಗಾಡಿಯವನನ್ನು, ಮಗ್ಗುಲ ಸೀಟಿನ ತಾಯಿಯನ್ನು, ಎದುರಿಂದ ಬರುವ ಸ್ಕೂಟರಿನವರನ್ನು. ಅವರ ಪರವಾಗಿ ‘ದೇವರಿದ್ದಾನೆ’ ಎಂದು ಹೇಳಲು ಅವನಿಗೆ ಅಧಿಕಾರ ಕೊಟ್ಟವರಾರೂ ಇಲ್ಲ. 1993ರಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಅಂದರೆ ಹಲವು ದೇಶಗಳ ಧರ್ಮಶಾಸ್ತ್ರಜ್ಞರ ಮಂಡಲಿ, ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕ ಕರ್ತವ್ಯವೆಂದೂ, ತಡೆಯಲಾಗದ ಪ್ರಬಲ ಕಾರಣದಂಥ ಕೆಲವು ಸಂದರ್ಭಗಳ ಹೊರತು ವಾಹನದಿಂದಾದ ಹಾನಿಗೆ ಚಾಲಕನೇ ಹೊಣೆಯೆಂದೂ ನಿರ್ಣಯಿಸಿತು. ಪೂರ್ತಿ ಸವೆದ ಟೈರು ಜಾರಿದ್ದನ್ನು ತಡೆಯಲಾಗದ ಕಾರಣವೆಂದು ಯಾವ ನ್ಯಾಯಪೀಠವೂ ಒಪ್ಪಲಾರದು, ಮೇಲಿನ ನ್ಯಾಯಪೀಠವಂತೂ ಒಪ್ಪುವುದಿಲ್ಲವೆಂಬುದು ದೇವರ ನ್ಯಾಯವನ್ನು ನಂಬುವವರ ನಂಬಿಕೆ.

ಸೂಫಿಗಳು ಬಳಸುವ ಜಾಹಿರ್ ಮತ್ತು ಬಾತಿನ್, ಅಂದರೆ ಹೊರತೋರಿಕೆ ಮತ್ತು ಒಳಸತ್ಯ ಎಂಬ ಜೋಡಿಪದಗಳು ಟೈರಿನ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತವೆ. ಸೀಳಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಟೈರು ಕಾನೂನಿನ ಕಣ್ಣಿಗೆ ಸತ್ತಂತೆ, ಅದನ್ನು ತೋರಿಸಲು ಸೀಳುಗಳ ನಡುವೆಯೇ ಸಣ್ಣ ದಿಂಡುಗಳಿರುತ್ತವೆ. ಇದು ಕಣ್ಣಿಗೆ ಕಾಣುವ ಸವೆತ. ಆದರೆ ವೇಗದ ಕಾರುಗಳು ಬಹುಪಾಲು ದಿನ ಶೆಡ್ಡಿನಲ್ಲೇ ನಿಂತು ಭಾನುವಾರ ಮಾತ್ರ ಹೊರಬರುವುದರಿಂದ ಅವುಗಳ ಟೈರು ಸವೆಯುವುದಿಲ್ಲ, ಮುಪ್ಪಾಗುತ್ತದೆ: ಶಾಖ, ಬಿಸಿಲು ಮತ್ತು ಗಾಳಿಯಲ್ಲಿನ ಆಮ್ಲಜನಕದಿಂದ ರಬ್ಬರು ಒಳಗೊಳಗೇ ಗಡುಸಾಗಿ, ಸೀಳುಗಳು ಹೊಸದರಂತೆ ಆಳವಾಗಿ ಕಾಣುತ್ತಿದ್ದರೂ ಹಿಡಿತ ಮಾತ್ರ ಹೋಗಿಬಿಟ್ಟಿರುತ್ತದೆ. ಅದರ ವಯಸ್ಸು ತಿಳಿಯಲು ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ಓದಬೇಕು: 2423 ಎಂದಿದ್ದರೆ 2023ನೇ ಇಸವಿಯ 24ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕೆಂದೂ, ಹತ್ತು ವರ್ಷವಾದರೆ ಹೇಗೇ ಕಾಣಲಿ ತೆಗೆದುಹಾಕಬೇಕೆಂದೂ ಟೈರು ತಯಾರಕರು ಹೇಳುತ್ತಾರೆ. ಮಾರುವವನ ಧರ್ಮವೂ ಇಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗೆ ತೇವವಿದ್ದುದನ್ನು ಕಂಡು, ತೇವವನ್ನು ಕೊಳ್ಳುವವರ ಕಣ್ಣಿಗೆ ಬೀಳುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರವಾದಿಯವರು ವ್ಯಾಪಾರಿಯನ್ನು ಗದರಿದ ಪ್ರಸಂಗ ಹದೀಸಿನಲ್ಲಿದೆ. ಹಳೆಯ ದಿನಾಂಕದ ಟೈರಿಗೆ ಕಪ್ಪು ಪಾಲಿಷ್ ಬಳಿದು ಹೊಸದೆಂದು ಕೊಡುವುದು, ಸವೆದ ಕಾರು ಟೈರಿಗೆ ಬಿಸಿ ಚಾಕುವಿನಿಂದ ಮತ್ತೆ ಸೀಳು ಕೊರೆದು ಮಾರುವುದು ಆ ತೇವದ ಧಾನ್ಯಕ್ಕಿಂತ ಘೋರವಾದ ಮೋಸ. ಧಾನ್ಯ ಹಣವನ್ನು ಮಾತ್ರ ಕಳೆಯುತ್ತಿತ್ತು.

ಸಾಧನವನ್ನು ಬಿಡುವುದು ಒಂದು ತಪ್ಪಾದರೆ ಸಾಧನದ ಮೇಲೆಯೇ ಭಾರ ಹಾಕುವುದು ಇನ್ನೊಂದು ತಪ್ಪು, ಮತ್ತು ದುಬಾರಿ ಕಾರಿನವರಲ್ಲಿ ಕಾಣುವುದು ಈ ಎರಡನೆಯದೇ. ಅತ್ಯುತ್ತಮ ಟೈರು ಹಾಕಿಸಿಕೊಂಡವನು ಆ ಹಿಡಿತವನ್ನು ಸುರಕ್ಷತೆಗಾಗಿ ಉಳಿಸಿಕೊಳ್ಳದೆ ವೇಗಕ್ಕಾಗಿ ಖರ್ಚು ಮಾಡುವ ಅಪಾಯವಿದೆ. ಸುರಕ್ಷತಾ ಸಾಧನ ಹೆಚ್ಚಿದಂತೆ ಚಾಲಕನ ದುಡುಕೂ ಹೆಚ್ಚಿ ಲಾಭವನ್ನು ತಿಂದುಹಾಕಬಹುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಜ್‌ಮನ್ 1975ರಲ್ಲಿ ವಾದಿಸಿದ್ದು, ಅದು ಎಷ್ಟರ ಮಟ್ಟಿಗೆ ನಿಜವೆಂಬುದರ ಬಗ್ಗೆ ಚರ್ಚೆ ನಿಂತಿಲ್ಲವಾದರೂ, ಚಾಮುಂಡಿಬೆಟ್ಟದ ತಿರುವುಗಳಲ್ಲಿ ಟೈರು ಕಿರುಚುವಂತೆ ಓಡಿಸುವವರನ್ನು ಕಂಡವರಿಗೆ ಆ ವಾದ ಪೂರ್ತಿ ಸುಳ್ಳೆನಿಸಲಾರದು. ಸಾಧನದ ಮೇಲಿನ ಇಂಥ ಭರವಸೆಯನ್ನು ಮುಸ್ಲಿಂ ವಿದ್ವಾಂಸರು ಮರೆಯಾಗಿರುವ ಶಿರ್ಕ್, ಅಂದರೆ ದೇವರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸುವ ಪಾಪದ ಸೂಕ್ಷ್ಮ ರೂಪ, ಎಂದು ಎಣಿಸಿದರು. ಆಯುಧಪೂಜೆಯ ಭಾವವೂ ಈ ಎಚ್ಚರಿಕೆಗೆ ದೂರವಲ್ಲ. ನಿಂಬೆಹಣ್ಣು ಘರ್ಷಣಾಂಕವನ್ನು ಹೆಚ್ಚಿಸುತ್ತದೆಂದು ಪೂಜೆ ಮಾಡುವವರಾರೂ ಹೇಳುವುದಿಲ್ಲ. ತನ್ನ ಕೈಯಲ್ಲಿರುವ ಬಲ ತನ್ನದಲ್ಲ, ಅದಕ್ಕೆ ಹಾನಿ ಮಾಡುವ ಶಕ್ತಿಯೂ ಇದೆ ಎಂಬ ಅಳುಕು ಆ ಆಚರಣೆಯ ಜೀವ. ಆ ಅಳುಕು ಪೂಜೆಯ ಮರುದಿನವೂ ಉಳಿದರೆ ಪೂಜೆ ಸಾರ್ಥಕ. ಉಳಿಯದಿದ್ದರೆ ಹಣ್ಣೊಂದು ವ್ಯರ್ಥವಾದಂತೆ.

ಬೆಲೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ವೇಗದ ಕಾರು ಅಗ್ಗಕ್ಕೆ ಸಿಗುತ್ತದೆ, ಅದರ ಟೈರು ಅಗ್ಗಕ್ಕೆ ಸಿಗುವುದಿಲ್ಲ. ಕಾರು ಕೊಂಡ ಯುವಕನಿಗೆ ನಾಲ್ಕು ಟೈರಿನ ಬೆಲೆ ಕೇಳಿದ ಮೇಲಷ್ಟೇ ಅದರ ನಿಜವಾದ ಬೆಲೆ ತಿಳಿಯುತ್ತದೆ. ಶಕ್ತಿಯಿಲ್ಲದವನ ಮೇಲೆ ಧರ್ಮ ಭಾರ ಹೊರಿಸುವುದಿಲ್ಲವೆಂಬ ಮಾತನ್ನು ಇಲ್ಲಿ ಎತ್ತುವಂತಿಲ್ಲ, ಏಕೆಂದರೆ ಅಂಥ ಕಾರು ಯಾರಿಗೂ ಅನಿವಾರ್ಯವಲ್ಲ. ದಿನದ ದುಡಿಮೆಗೆ ಸವೆದ ಟೈರಿನ ಆಟೊ ಓಡಿಸುವವನ ಕಷ್ಟ ಬೇರೆಯೇ ಆಗಿದ್ದು, ಅವನ ವಿಷಯದಲ್ಲಿ ಹೊಣೆ ಸಮಾಜಕ್ಕೂ ಹಂಚಿಹೋಗುತ್ತದೆ. ಹವ್ಯಾಸಕ್ಕಾಗಿ ಬಲವನ್ನು ಕೊಂಡವನು ಆ ಬಲಕ್ಕೆ ತಕ್ಕ ಟೈರನ್ನೂ ಕೊಳ್ಳಬೇಕು, ಆಗದಿದ್ದರೆ ಟೈರು ತಾಳುವಷ್ಟೇ ವೇಗದಲ್ಲಿ ಓಡಿಸಬೇಕು, ಅದೂ ಆಗದಿದ್ದರೆ ಕಾರನ್ನು ಮಾರಬೇಕು. ಉದಯಗಿರಿಯ ಮಸೀದಿಗಳ ಖತೀಬರು ಒಂದು ಶುಕ್ರವಾರದ ಖುತ್ಬಾ ಪ್ರವಚನದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ. ಆಯುಧಪೂಜೆ ಮಾಡಿಸುವ ಅರ್ಚಕರು ಆರತಿ ಎತ್ತುವ ಮೊದಲು ಟೈರಿನ ಬದಿಯ ಆ ನಾಲ್ಕು ಅಂಕಿಗಳನ್ನು ಮಾಲೀಕನಿಂದಲೇ ಓದಿಸಲಿ.